ಖಾನೇಷುಮಾರಿಯವರು ಮನೆಗೆ ಬಂದಾಗ

ಜನಗಣತಿಗೆ ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದರು. ಆ ಶಬ್ದ ಈಗ ಹಳೆಯ ಕಾಗದಪತ್ರಗಳಲ್ಲಿಯೂ ಕೆಲವು ಅಜ್ಜಂದಿರ ಬಾಯಲ್ಲಿಯೂ ಮಾತ್ರ ಉಳಿದಿದೆ. ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಈ ಎಣಿಕೆ 2021ರಲ್ಲಿ ಕೋವಿಡ್ ಪಿಡುಗಿನ ಕಾರಣದಿಂದ ನಿಂತುಹೋಯಿತು. ಕೇಂದ್ರ ಸರ್ಕಾರ 2025ರ ಜೂನ್ 16ರಂದು ಹೊರಡಿಸಿದ ಅಧಿಸೂಚನೆಯಂತೆ 2027ರ ಮಾರ್ಚ್ 1ರ ಸೊನ್ನೆ ಗಂಟೆ, ಎಂದರೆ ಫೆಬ್ರವರಿ 28ರ ನಡುರಾತ್ರಿ, ಈ ಬಾರಿಯ ಲೆಕ್ಕದ ಗಳಿಗೆ. ಅದಕ್ಕೆ ಮೊದಲಿನ ಮನೆಪಟ್ಟಿಯ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನೂ, ಜನರ ಎಣಿಕೆಗೆ 2027ರ ಫೆಬ್ರವರಿಯನ್ನೂ ಗೊತ್ತುಮಾಡಲಾಗಿದೆ.

ದಾವಣಗೆರೆ, ಹರಿಹರಗಳ ಬಂಧುಗಳು ಈ ವಿಷಯವಾಗಿ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಧರ್ಮದ ಕಾಲಮಿನಲ್ಲಿ ಏನು ಬರೆಸಬೇಕು? ಸಣ್ಣ ಪ್ರಶ್ನೆಯೆಂದು ನಾವು ಹೇಳಲಾರೆವು. 2023ರ ಡಿಸೆಂಬರ್‌ನಲ್ಲಿ ದಾವಣಗೆರೆಯಲ್ಲಿಯೇ ನಡೆದ ಅಖಿಲ ಭಾರತ ವೀರಶೈವ ಮಹಾಸಭೆಯ 24ನೆಯ ಅಧಿವೇಶನದಲ್ಲಿ ಇದು ಮುಖ್ಯ ವಿಷಯವಾಗಿತ್ತು. ಆದರೆ 2011ರ ನಮೂನೆಯಲ್ಲಿ ಇದ್ದ ಪ್ರಶ್ನೆಗಳು 29. ಅವುಗಳಲ್ಲಿ ಒಂದಕ್ಕೆ ಮಾತ್ರ ಮನೆಮಂದಿಯೆಲ್ಲ ಸಿದ್ಧರಾಗಿ, ಉಳಿದ 28ಕ್ಕೆ ಯಜಮಾನರು ಜಗಲಿಯ ಮೇಲೆ ಕುಳಿತು ಬಾಯಿಗೆ ಬಂದ ಉತ್ತರ ಹೇಳಿ ಕಳಿಸುವ ರೂಢಿ ನಮ್ಮಲ್ಲಿದೆ. ಈ ರೂಢಿಯ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆನಿಸಿತು.

ಮೊದಲು ಈ ಎಣಿಕೆಯ ಬೆಲೆ ಎಂಥದು ಎಂಬುದನ್ನು ನೋಡೋಣ. ಮೈಸೂರು ಸಂಸ್ಥಾನದ ಮೊದಲ ಗಣತಿ ನಡೆದದ್ದು 1871ರಲ್ಲಿ. ಆಗ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರ ಫೆಬ್ರವರಿ 17ರಂದು ಇಡೀ ದೇಶದಲ್ಲಿ ಒಂದೇ ಕಾಲಕ್ಕೆ ಎಣಿಕೆಯಾದಾಗ ಆ ಸಂಖ್ಯೆ 41,86,188ಕ್ಕೆ ಇಳಿದಿತ್ತು. ನಡುವೆ ಬಂದುಹೋದದ್ದು 1876-78ರ ಮಹಾಕ್ಷಾಮ. ಹಸಿವಿನಿಂದ ದಾರಿಯಲ್ಲಿ ಬಿದ್ದು ಸತ್ತವರಿಗೆ ಸಮಾಧಿಯಿಲ್ಲ, ಹೆಸರಿಲ್ಲ. ಎಂಟೂವರೆ ಲಕ್ಷಕ್ಕೂ ಹೆಚ್ಚಿನ ಆ ಇಳಿತವೊಂದೇ ಅವರಿದ್ದರೆಂಬುದಕ್ಕೆ ಉಳಿದ ಗುರುತು.

ಹರಿಹರದ ತುಂಗಭದ್ರೆಯ ದಡದಲ್ಲಿ ನಿಂತವರಿಗೆ ಮತ್ತೊಂದು ಸಂಗತಿ ನೆನಪಾಗಬೇಕು. ಈಚೆಯ ದಡ ಮೈಸೂರು ಸಂಸ್ಥಾನ. ಆಚೆಯದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹೊಳೆಯ ಎರಡೂ ಕಡೆ ಬೀಗರು, ಎರಡೂ ಕಡೆ ಒಂದೇ ಇಷ್ಟಲಿಂಗ ಪೂಜೆ. ಆದರೂ 1956ರಲ್ಲಿ ರಾಜ್ಯಗಳು ಒಂದಾಗುವವರೆಗೆ ಇಲ್ಲಿಯ ಲಿಂಗಾಯತರ ಲೆಕ್ಕ ಮೈಸೂರಿನ ಸಂಪುಟದಲ್ಲಿ, ಅಲ್ಲಿಯವರದು ಮುಂಬಯಿಯ ಸಂಪುಟದಲ್ಲಿ. ಆ ಸಂಪುಟಗಳನ್ನು ಬರೆದ ಅಧಿಕಾರಿಗಳೂ ಬೇರೆ, ಅವರು ನಮ್ಮನ್ನು ಕಂಡ ಬಗೆಯೂ ಬೇರೆ. 1901ರಲ್ಲಿ ಮುಂಬಯಿಯ ಗಣತಿ ನಡೆಸಿದ ಎಂಥೋವೆನ್ ಅನಂತರ ಲಿಂಗಾಯತರ ವಿಷಯವಾಗಿ ವಿಸ್ತಾರವಾಗಿಯೇ ಬರೆದನು. 1931ರ ಮೈಸೂರು ಗಣತಿಯ ಮೇಲಧಿಕಾರಿಯಾಗಿದ್ದು ಅದರ ವರದಿಯನ್ನು ಬರೆದವರು ಎಂ. ವೆಂಕಟೇಶ ಅಯ್ಯಂಗಾರ್, ನಮ್ಮೆಲ್ಲರ ಮಾಸ್ತಿಯವರು. ಸಣ್ಣಕತೆಗಳ ಜನಕರು ಒಂದು ಸಂಸ್ಥಾನದ ಮನೆಮನೆಯ ತಲೆಗಳನ್ನು ಎಣಿಸಿದರೆಂಬುದು ಕನ್ನಡಿಗರು ಮರೆತ ಸಂತೋಷದ ವಿಷಯ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಗಣತಿಗಳ ಹೊತ್ತಿಗೆ ನಮ್ಮ ಸಮಾಜದ ಮುಂದಾಳುಗಳು ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದ್ದರು. ತಮ್ಮನ್ನು ಶೂದ್ರವರ್ಗದಲ್ಲಿ ಸೇರಿಸಬಾರದು, ವೀರಶೈವ ಬ್ರಾಹ್ಮಣರೆಂದು ಬರೆದುಕೊಳ್ಳಬೇಕು ಎಂಬುದು ಆಗಿನ ಬೇಡಿಕೆ. ನೂರು ವರ್ಷ ಕಳೆದ ಮೇಲೆ ಕೇಳಿಬಂದದ್ದು ವರ್ಣವ್ಯವಸ್ಥೆಯಿಂದಲೇ ಹೊರಗಿನ ಸ್ವತಂತ್ರ ಧರ್ಮವೆಂಬ ಮಾತು. ಆ ಹಿರಿಯರನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಕಾಲ ಕೇಳಿದ ಪ್ರಶ್ನೆಗೆ ಅವರು ತಮ್ಮ ಕಾಲದ ಉತ್ತರ ಕೊಟ್ಟರು. ನಮ್ಮ ನಡುವೆ ಈ ವಿಷಯದಲ್ಲಿ ಭಿನ್ನಮತವಿದ್ದರೆ ಅದು ಹೊಸತಲ್ಲ, ಅದಕ್ಕಾಗಿ ಬೀಗರು ಬೀಗರ ಮನೆಗೆ ಹೋಗುವುದನ್ನು ಬಿಡಬೇಕಾಗಿಯೂ ಇಲ್ಲ.

ಈಗ ಆ ಕಾಲಮಿಗೆ ಬರೋಣ. 2011ರ ನಮೂನೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಎಂಬ ಆರು ಧರ್ಮಗಳಿಗೆ ಸಂಕೇತ ಸಂಖ್ಯೆ ಇತ್ತು. ಬೇರೆ ಹೆಸರು ಹೇಳಿದವರದನ್ನು ಸಂಕೇತವಿಲ್ಲದೆ ಪೂರ್ತಿ ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ಸಂಕೇತವಿಲ್ಲದ ಮೇಲೆ ಬರೆಸಿ ಫಲವೇನು ಎಂದು ಕೇಳುವವರುಂಟು. ಝಾರ್ಖಂಡ್ ಮತ್ತು ನೆರೆಯ ಸೀಮೆಯ ಆದಿವಾಸಿಗಳು ಅದೇ ಗಣತಿಯಲ್ಲಿ ಸರ್ನಾ ಎಂಬ ಒಂದೇ ಹೆಸರನ್ನು ಬರೆಸಿದರು. ಅವರ ಸಂಖ್ಯೆ 49 ಲಕ್ಷವನ್ನು ಮೀರಿ ಅಚ್ಚಾಯಿತು. ಸಂಕೇತವಿದ್ದ ಜೈನರ ಸಂಖ್ಯೆ ಸುಮಾರು 44.5 ಲಕ್ಷ. ಒಬ್ಬರು ವೀರಶೈವ, ಒಬ್ಬರು ಲಿಂಗಾಯತ, ಮತ್ತೊಬ್ಬರು ಹಿಂದೂ ಲಿಂಗಾಯತ, ಮಗದೊಬ್ಬರು ಧರ್ಮದ ಜಾಗದಲ್ಲಿ ಒಳಪಂಗಡದ ಹೆಸರು ಹೀಗೆ ಬರೆಸುತ್ತ ಹೋದರೆ ಯಾವ ಪಕ್ಷದವರ ಇಚ್ಛೆಯೂ ಈಡೇರದೆಂಬುದು ಇದರಿಂದ ತಿಳಿಯುತ್ತದೆ. ಯಾವುದನ್ನು ಬರೆಸಬೇಕೆಂದು ಈ ಪುಟಗಳಿಂದ ನಾವು ಅಪ್ಪಣೆ ಕೊಡುವುದಿಲ್ಲ. ಮನೆಯಲ್ಲಿ ಕುಳಿತು ಮೊದಲೇ ಮಾತಾಡಿಕೊಳ್ಳಿರೆಂದು ಮಾತ್ರ ಬೇಡುತ್ತೇವೆ. ಗಣತಿದಾರರಿಗೆ ಕೊಟ್ಟಿದ್ದ ಸೂಚನೆಯೂ ಸ್ಪಷ್ಟ: ಮನೆಯ ಪ್ರತಿಯೊಬ್ಬರ ಧರ್ಮವನ್ನೂ ಕೇಳಿಯೇ ಬರೆಯಬೇಕು, ಹೇಳಿದ್ದನ್ನೇ ಬರೆಯಬೇಕು, ತಾವಾಗಿ ಊಹಿಸಬಾರದು, ವಾದ ಮಾಡಬಾರದು.

ಜಾತಿಯ ವಿಷಯದಲ್ಲಿ ಇನ್ನೊಂದು ಅಂಜಿಕೆ ಹರಡಿದೆ. ಎಲ್ಲ ಜಾತಿಗಳನ್ನೂ ಎಣಿಸಿ ಅಚ್ಚುಹಾಕಿದ ಕೊನೆಯ ಜನಗಣತಿ 1931ರದು. ಹಾವನೂರ, ವೆಂಕಟಸ್ವಾಮಿ, ಚಿನ್ನಪ್ಪರೆಡ್ಡಿ ಆಯೋಗಗಳು ಲಿಂಗಾಯತರ ಪ್ರಮಾಣವನ್ನು ಒಂದೊಂದು ಬಗೆಯಾಗಿ ಹೇಳಿದವು; ಅದರ ಮೇಲಿನ ಜಗಳ ಇಂದಿಗೂ ಮುಗಿದಿಲ್ಲ. 2027ರ ಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ಸಾದರರು, ಪಂಚಮಸಾಲಿಗಳು, ಬಣಜಿಗರು, ಗಾಣಿಗರು, ಜಂಗಮರು ಎಲ್ಲರೂ ಕೇಳುವುದೇನೆಂದರೆ, ಇಲ್ಲಿ ಬರೆಸಿದ್ದು ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಅಡ್ಡ ಬಂದೀತೇ? 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಈ ದಾಖಲೆಯನ್ನು ತೆರೆದು ನೋಡುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಸಿವಿಲ್ ವ್ಯಾಜ್ಯದಲ್ಲಿ ಇದು ಸಾಕ್ಷ್ಯವೂ ಆಗದು. ಪ್ರಮಾಣಪತ್ರ ಕೊಡುವವರು ತಹಸೀಲ್ದಾರರು. ಗಣತಿಯ ಹಾಳೆ ಅವರ ಮೇಜಿಗೆ ಹೋಗುವುದಿಲ್ಲ.

ನಮಗೆ ನಿಜವಾಗಿ ಚಿಂತೆ ಹುಟ್ಟಿಸುವ ಕಾಲಮು ಬೇರೆಯದು. ಅದು ದುಡಿಮೆಯ ಕಾಲಮು. ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಎಣಿಸದ ಸಮಾಜ ನಮ್ಮದೆಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಗಣತಿಯ ಮೇಷ್ಟ್ರು ಬಂದು ಮನೆಯ ಹೆಣ್ಣುಮಗಳ ಕೆಲಸವೇನೆಂದು ಕೇಳಿದಾಗ ಯಜಮಾನರ ಬಾಯಿಂದ ಬರುವ ಉತ್ತರವಾದರೋ, "ಆಕೇನು ಮಾಡ್ತಾಳೆ ಮೇಷ್ಟ್ರೇ, ಮನೆಯಾಗೇ ಇರ್ತಾಳೆ!" ಈ ಮಾತು ಕೇಳಿಬರುವ ಹೊತ್ತಿಗೆ ಆಕೆ ಹಿತ್ತಲಲ್ಲಿ ಎಮ್ಮೆ ಕರೆಯುತ್ತಿರುತ್ತಾಳೆ. ಭದ್ರಾ ನಾಲೆಯ ಬಯಲಿನ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಮನೆಯ ಹೆಂಗಸರ ಕೈಯಿಲ್ಲದೆ ನಡೆಯುವುದಿಲ್ಲ. ನಗರದಲ್ಲಿಯೂ ಎಷ್ಟೋ ಮನೆಗಳ ಅಡುಗೆಕೋಣೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಅಂಗಡಿಗೆ ಹೋಗುತ್ತವೆ.

2001 ಮತ್ತು 2011ರ ಗಣತಿಗಳ ಅರ್ಥನಿರೂಪಣೆಯಂತೆ ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆಯೂ ಕೆಲಸವೇ. ಬೇಸಾಯ ಮತ್ತು ಹೈನು ಮನೆಯ ಊಟಕ್ಕೆ ಮಾತ್ರ ಆದರೂ ಕೆಲಸವೇ. ಮಾರಾಟಕ್ಕೆ ಹಪ್ಪಳ ಮಾಡಿದರೆ ಅದು ಗೃಹಕೈಗಾರಿಕೆ. ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಾವಧಿಯವರು. ಇಷ್ಟು ತಿಳಿದ ಮೇಲೂ "ಮನೆಗೆಲಸ" ಎಂದು ಬರೆಸುವುದಾದರೆ, ನಮ್ಮ ತಾಯಂದಿರನ್ನು ನಾವೇ ದುಡಿಯದವರ ಪಟ್ಟಿಗೆ ಸೇರಿಸಿದ ಹಾಗಾಯಿತು. ಸರ್ಕಾರದ ಮೇಲೆ ದೂರು ಹೇಳುವುದಕ್ಕೆ ಇಲ್ಲಿ ಎಡೆಯಿಲ್ಲ. ತಪ್ಪು ಜಗಲಿಯ ಮೇಲಿನದು.

ಹಾಗೆಯೇ ಮದುವೆಯಾದ ಸ್ತ್ರೀಯರಿಗೆ ಕೇಳುವ ಪ್ರಶ್ನೆಗಳು: ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ಗಂಡೆಷ್ಟು, ಹೆಣ್ಣೆಷ್ಟು. ಇದಕ್ಕೆ ಗಂಡಸರು ಉತ್ತರ ಹೇಳಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮೂರು ದಿನ ಬದುಕಿ ಹೋದ ಕೂಸನ್ನು ತಂದೆ ಮರೆತಿರಬಹುದು, ಹೆತ್ತವಳು ಮರೆತಿರುವುದಿಲ್ಲ. ಊರಿಗೆ ಹೆರಿಗೆಯ ಆಸ್ಪತ್ರೆ ಬೇಕೇ ಎಂಬುದನ್ನು ಲೆಕ್ಕ ಹಾಕುವವರಿಗೆ ಆ ಮೂರು ದಿನದ ಕೂಸು ಬೇಕಾಗುತ್ತದೆ. ಅವ್ವನನ್ನೋ ಸೊಸೆಯನ್ನೋ ಹೊರಗೆ ಕರೆದು ಕೂರಿಸಿ, ಅವರೇ ಹೇಳಲಿ.

ಕಾನೂನು ಮಾಡಿದವರು ಹೆಂಗಸರ ಸಂಕೋಚವನ್ನು ನಮಗಿಂತ ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಅದೇ ಕಾಯಿದೆಯ 8ನೆಯ ಕಲಮು, ಕೇಳಿದ ಪ್ರಶ್ನೆಗೆ ತಿಳಿದಮಟ್ಟಿಗೆ ಉತ್ತರ ಹೇಳುವುದು ಪ್ರತಿಯೊಬ್ಬರ ಮೇಲೂ ಕಡ್ಡಾಯವೆನ್ನುತ್ತದೆ. ಆದರೆ ಯಾವ ಸ್ತ್ರೀಯೂ ತನ್ನ ಗಂಡನ ಹೆಸರನ್ನಾಗಲಿ, ಸಂಪ್ರದಾಯದಂತೆ ಉಚ್ಚರಿಸಬಾರದ ಇನ್ನಾರ ಹೆಸರನ್ನಾಗಲಿ ಹೇಳಬೇಕಾಗಿಲ್ಲವೆಂದು ವಿನಾಯಿತಿಯನ್ನೂ ಕೊಡುತ್ತದೆ. "ನಮ್ಮ ಮನೆಯವರು" ಎಂದು ನಾಚಿ ತಲೆ ತಗ್ಗಿಸುವ ಅಜ್ಜಿಯರಿಗಾಗಿ ದೆಹಲಿಯಲ್ಲಿ ಬರೆದ ವಾಕ್ಯವಿದು.

ಅಂಗವಿಕಲ ಮಕ್ಕಳನ್ನು ಮುಚ್ಚಿಡಬಾರದೆಂದು ಹೇಳಲೇಬೇಕಾಗಿದೆ. ಅಣ್ಣನಿಗೋ ತಂಗಿಗೋ ಸಂಬಂಧ ತಪ್ಪೀತೆಂಬ ಹೆದರಿಕೆಯಿಂದ ಹಾಗೆ ಮಾಡುವ ಮನೆಗಳಿವೆ. ಬರೆದುಕೊಂಡದ್ದು ನೆರೆಮನೆಗೂ ತಿಳಿಯುವಂತಿಲ್ಲ.

ವಿದ್ಯಾರ್ಥಿಗಳ ಊರಾದ ದಾವಣಗೆರೆಯಲ್ಲಿ ಮತ್ತೊಂದು ಗೊಂದಲವಿದೆ. ಹಾಸ್ಟೆಲಿನಲ್ಲಿದ್ದು ಓದುವ ಮಗನ ಹೆಸರನ್ನು ತಂದೆತಾಯಿಗಳು ಊರಿನ ಮನೆಯಲ್ಲಿ ಬರೆಸುತ್ತಾರೆ, ಹಾಸ್ಟೆಲಿನಲ್ಲಿಯೂ ಬರೆದಿರುತ್ತದೆ. ಹಾಸ್ಟೆಲು, ಆಶ್ರಮ, ಅನಾಥಾಲಯಗಳಿಗೆ ಸಾಂಸ್ಥಿಕ ಕುಟುಂಬವೆಂಬ ಬೇರೆ ಲೆಕ್ಕವಿದೆ. ಅಲ್ಲಿರುವವರು ಅಲ್ಲಿಗೇ ಸೇರಬೇಕು. ಮಠಗಳ ಉಚಿತ ಪ್ರಸಾದ ನಿಲಯಗಳನ್ನು ನಡೆಸುವವರು ಮಕ್ಕಳ ಜನ್ಮದಿನಾಂಕ, ಮಾತೃಭಾಷೆಗಳ ಪಟ್ಟಿಯನ್ನು ಮುಂಚೆಯೇ ಮಾಡಿಟ್ಟುಕೊಂಡರೆ ಒಳಿತು. ಮಾತೃಭಾಷೆಯೆಂದರೆ ಶಾಲೆಯ ಮಾಧ್ಯಮವಲ್ಲ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ಕೊಟ್ಟ ನಮ್ಮ ಹೆಣ್ಣುಮಕ್ಕಳಿಗೂ ಇದನ್ನು ಒಂದು ಮಾತು ತಿಳಿಸಿರಿ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿಗೆ ಉತ್ತರ ಕೊಟ್ಟು ದಣಿದ ಬಂಧುಗಳು, ಗಣತಿ ಆಗಲೇ ಮುಗಿಯಿತಲ್ಲ ಎನ್ನುವುದುಂಟು. ಅದು ಬೇರೆ, ಇದು ಬೇರೆ. ಆ ಸಮೀಕ್ಷೆಗೆ ಉತ್ತರಿಸುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ಹೈಕೋರ್ಟು ಹೇಳಿತ್ತು. ಜನಗಣತಿಗೆ ಆ ಮಾತು ಅನ್ವಯಿಸದು. ಈ ಬಾರಿ ಮನೆಯವರೇ ಮೊಬೈಲಿನಲ್ಲಿ ನಮೂನೆಯನ್ನು ತುಂಬುವ ಸ್ವಯಂಗಣತಿಯ ಅವಕಾಶವೂ ಇದೆ. ತುಂಬಿ ಸಲ್ಲಿಸಿದ ಮೇಲೆ ಬರುವ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಗಣತಿದಾರರು ಬಂದಾಗ ತೋರಿಸಬೇಕು. ಅದನ್ನು ಕೊಡದಿದ್ದರೆ ನಮೂನೆ ಹಿಂದಿರುಗಿಸಿದಂತೆ ಆಗದು. ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ಊರಿನ ಮನೆಯದನ್ನೂ ತುಂಬಿಬಿಡುತ್ತೇನೆಂದರೆ, ಅಜ್ಜಿಯನ್ನು ಫೋನಿನಲ್ಲಿ ಕೇಳಿ ತುಂಬಲಿ. ಬ್ಯಾಂಕಿನ ಖಾತೆ ಸಂಖ್ಯೆಯನ್ನು ಯಾವ ಗಣತಿದಾರರೂ ಕೇಳುವುದಿಲ್ಲ, ಕೇಳಿದವರು ಗಣತಿಯವರಲ್ಲ.

2011ರಲ್ಲಿ ಎಣಿಕೆ ಮುಗಿದ ಮೇಲೆ ಮಾರ್ಚ್ 1ರಿಂದ 5ರವರೆಗೆ ಗಣತಿದಾರರು ಪುನಃ ಮನೆಮನೆಗೆ ಹೋಗಿದ್ದರು. ಮೊದಲು ಬಂದುಹೋದ ಮೇಲೆ ನಡುರಾತ್ರಿಯ ಆ ಗಳಿಗೆಯೊಳಗೆ ಯಾರಾದರೂ ತೀರಿಕೊಂಡರೇ, ಮಗು ಹುಟ್ಟಿತೇ ಎಂದು ವಿಚಾರಿಸುವುದಕ್ಕೆ. ಆ ರಾತ್ರಿ ಹನ್ನೆರಡಕ್ಕೆ ಮೊದಲು ಹುಟ್ಟಿದ ಕೂಸು ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ದೇಶದ ಲೆಕ್ಕಕ್ಕೆ ಸೇರಿತು. ಆಮೇಲೆ ಹುಟ್ಟಿದ್ದು ಮುಂದಿನ ಗಣತಿಗಾಗಿ ಕಾಯುತ್ತಿದೆ. ಅಂಥ ಮಕ್ಕಳು ಈಗ ಹೈಸ್ಕೂಲು ದಾಟಿದ್ದಾರೆ.