ಓದದೆ ಉಳಿದ ವಿಜ್ಞಾನ ಕಥೆಗಳು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ವಿದ್ಯಾರ್ಥಿಗಳಿರುವ ಮನೆಯನ್ನು ಹೊಕ್ಕರೆ, ಗೋಡೆಗೆ ಕೂಡಿಸಿದ ಪರಸಿಯ ಮೇಲಾಗಲಿ ಅಲಮಾರಿಯಲ್ಲಾಗಲಿ ಪುಸ್ತಕಗಳ ಒಂದು ಸಾಲು ಕಾಣುವುದುಂಟು. ಪಠ್ಯಪುಸ್ತಕಗಳ ಅಂಚು ಸವೆದಿರುತ್ತದೆ. ಅವುಗಳ ಪಕ್ಕದಲ್ಲಿಯೇ ಜೂಲ್ಸ್ ವರ್ನನ ಚಂದ್ರಯಾನದ ಕಥೆ, ವೆಲ್ಸನ ಕಾಲಯಂತ್ರದ ಕಥೆ, ರಾಜಶೇಖರ ಭೂಸನೂರಮಠರ ಒಂದು ವೈಜ್ಞಾನಿಕ ಕಾದಂಬರಿ, ‘ಮನು’ ಅವರ ‘ಮಹಾಸಂಪರ್ಕ’ ಇಂಥವು ಕೊಂಡ ದಿನದಂತೆಯೇ ಮಡಿಕೆ ಬೀಳದೆ ನಿಂತಿರುತ್ತವೆ. ಪರೀಕ್ಷೆ ಮುಗಿಯಲಿ, ಆಮೇಲೆ ಓದೋಣ ಎಂಬುದು ಎಲ್ಲರ ಸಂಕಲ್ಪ. ಒಂದು ಪರೀಕ್ಷೆ ಮುಗಿದರೆ ಇನ್ನೊಂದು ಬರುತ್ತದೆ. ಕಡೆಗೆ ಒಂದು ದೀಪಾವಳಿಗೆ ಮನೆ ಸಾರಿಸುವಾಗ, ಇವುಗಳ ವಿಜ್ಞಾನ ಹಳೆಯದಾಯಿತೆಂದು ಯಾರೋ ತೀರ್ಪು ಕೊಡುತ್ತಾರೆ. ಪುಸ್ತಕಗಳು ರದ್ದಿಯ ತಕ್ಕಡಿಯನ್ನು ಏರುತ್ತವೆ.

ಈ ತೀರ್ಪನ್ನು ನಾವು ಒಪ್ಪಲಾರೆವು. ಇಂಥ ಪುಸ್ತಕಕ್ಕೆ ಬರುವ ಮುಪ್ಪು ಎರಡು ಬಗೆಯದು. ಒಂದು ಒಳಗಿನ ವಿಜ್ಞಾನದ್ದು, ಮತ್ತೊಂದು ಕಾಗದದ್ದು. ಮೊದಲನೆಯದರಿಂದ ವಾಚಕನಿಗೆ ನಷ್ಟವಿಲ್ಲ. ಎರಡನೆಯದು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.

ವರ್ನನ ಕಥೆಯನ್ನೇ ನೋಡೋಣ. 1865ರಲ್ಲಿ ಅಚ್ಚಾದ ಈ ಕಾದಂಬರಿಯಲ್ಲಿ ಫ್ಲಾರಿಡಾದ ನೆಲದಲ್ಲಿ 900 ಅಡಿ ಉದ್ದದ ಫಿರಂಗಿಯನ್ನು ಹೂಳಿ, ಮೂವರು ಕುಳಿತ ಗುಂಡನ್ನು ಚಂದ್ರನತ್ತ ಹಾರಿಸುತ್ತಾರೆ. ವೇಗವು ಸೆಕೆಂಡಿಗೆ 12,000 ಗಜ, ಅಂದರೆ ಸುಮಾರು 11 ಕಿಲೋಮೀಟರ್. ಭೂಮಿಯ ಹಿಡಿತದಿಂದ ಪಾರಾಗಲು ಬೇಕಾದ ವೇಗವೂ ಹೆಚ್ಚು ಕಡಿಮೆ ಇಷ್ಟೇ; ವರ್ನನು ಲೆಕ್ಕವನ್ನು ಬಲ್ಲವನು! ಆದರೆ ಹೈಸ್ಕೂಲು ಮುಗಿಸಿದ ವಿದ್ಯಾರ್ಥಿಯು ಇನ್ನೊಂದು ಲೆಕ್ಕವನ್ನು ಮಾಡಬಲ್ಲನು. ವೇಗದ ವರ್ಗವನ್ನು ಫಿರಂಗಿಯ ಉದ್ದದ ಇಮ್ಮಡಿಯಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ ದೊರೆಯುತ್ತದೆ. 900 ಅಡಿಯೆಂದರೆ 274 ಮೀಟರ್. ಉತ್ತರವು ಗುರುತ್ವ ವೇಗೋತ್ಕರ್ಷದ ಸುಮಾರು 22,000 ಪಾಲು! 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯು ಆ ಗುಂಡಿನೊಳಗೆ 1,100 ಟನ್ ತೂಗುತ್ತಾನೆ. ವರ್ನನು ಪ್ರಯಾಣಿಕರ ಅಡಿಯಲ್ಲಿ ನೀರಿನ ಮೆತ್ತೆಯನ್ನು ಇರಿಸಿದ್ದಾನೆ. ಪಾಪ, ಅದರಿಂದ ಏನಾಗಬೇಕು?

1968ರ ಡಿಸೆಂಬರಿನಲ್ಲಿ ಅಪೊಲೊ 8ರಲ್ಲಿ ಮೂವರು ಫ್ಲಾರಿಡಾದಿಂದಲೇ ಹೊರಟು, ಚಂದ್ರನನ್ನು ಸುತ್ತಿ ಬಂದು ಪೆಸಿಫಿಕ್ ಸಾಗರದಲ್ಲಿ ಇಳಿದರು. ವರ್ನನ ಕಥೆಯ ಉತ್ತರಭಾಗದಲ್ಲಿ ಗುಂಡು ಬೀಳುವುದೂ ಆ ಸಾಗರದಲ್ಲಿಯೇ. ಆದರೆ ಇವರನ್ನು ಒಯ್ದದ್ದು ರಾಕೆಟ್. ಅದು ವೇಗವನ್ನು ಕ್ಷಣಾರ್ಧದಲ್ಲಿ ಕೊಡದೆ ನಿಮಿಷಗಟ್ಟಲೆ ಕೊಟ್ಟಿತು. ಆದ್ದರಿಂದ ಅವರು ಬದುಕಿದರು. ಫಿರಂಗಿ ಏಕೆ ಆಗದು, ರಾಕೆಟ್ ಏಕೆ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾವು ಕಂಡಿಲ್ಲ. ಕಥೆಯ ವಿಜ್ಞಾನ ತಪ್ಪಾಗಿರುವುದರಿಂದಲೇ ಈ ಲಾಭ.

ಅದ್ಭುತ ಕಥೆಗಳಲ್ಲಿ ಇದು ನಡೆಯುವುದೇ ಎಂದು ಕೇಳಬಹುದು. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆ ಆಕೃತಿ ಎದ್ದು ನಿಂತರೆ? ಅದ್ಭುತ ಕಥೆ ಹುಟ್ಟುವುದು ಇಂಥ ಪ್ರಶ್ನೆಯಿಂದಲೇ. ನಿಂತರೆ ಕಾಲುಗಳು ತಾಳುವುವೇ ಎಂದೊಡನೆ ಭೌತಶಾಸ್ತ್ರ ಆರಂಭವಾಗುತ್ತದೆ. 1638ರಲ್ಲಿಯೇ ಗೆಲಿಲಿಯೊ ಇದನ್ನು ವಿವೇಚಿಸಿದ್ದನು. 1726ರ ಗಲಿವರನ ಕಥೆಯಲ್ಲಿ ಬರುವ ದೈತ್ಯರು ನಮ್ಮ 12 ಪಾಲು ಎತ್ತರ. ಅಗಲ, ದಪ್ಪಗಳೂ ಅಷ್ಟೇ ಪಾಲು ಬೆಳೆದರೆ ತೂಕವು 1,728 ಪಾಲು ಆಗುತ್ತದೆ. ಎಲುಬಿನ ಅಡ್ಡಕೊಯ್ತವು ಬೆಳೆಯುವುದು 144 ಪಾಲು ಮಾತ್ರ. ಹೆಗಲ ಮೇಲೆ ಹನ್ನೊಂದು ಮಂದಿಯನ್ನು ಹೊತ್ತವನ ಸ್ಥಿತಿ ಆ ದೈತ್ಯನದು!

ಇನ್ನು ಕಾಗದದ ಮಾತು. ಅಗ್ಗದ ಕಾದಂಬರಿಗಳ ಕಾಗದ ಬಹುಮಟ್ಟಿಗೆ ಮರದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಎಂಬ ದ್ರವ್ಯವು ಬೆಳಕು, ಗಾಳಿಗಳಿಂದ ಕಂದುಬಣ್ಣಕ್ಕೆ ತಿರುಗುತ್ತದೆ. ಶಾಯಿ ಹರಡದಿರಲೆಂದು ರಾಳ, ಪಟಿಕಗಳನ್ನು ಬೆರೆಸಿದ ಹಳೆಯ ಕಾಗದದಲ್ಲಿ ಆಮ್ಲವೂ ಇರುತ್ತದೆ. ಆ ಆಮ್ಲವು ತೇವದ ನೆರವಿನಿಂದ ಸೆಲ್ಯುಲೋಸಿನ ಉದ್ದ ಸರಪಳಿಗಳನ್ನು ತುಂಡರಿಸುತ್ತ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಇಮ್ಮಡಿಯಾಗುವುದೆಂಬುದು ಒಂದು ಸ್ಥೂಲ ನಿಯಮ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಒಣಹವೆ ಈ ಕೇಡನ್ನು ಸ್ವಲ್ಪ ತಡೆಯಬಹುದು. ಆದರೆ ಮಳೆಗಾಲದ ತೇವ ದೂರವಿರುವುದಿಲ್ಲ. ಹೀಗೆ ತೆರೆಯದ ಪುಸ್ತಕವೂ ಸವೆಯುತ್ತದೆ. ಮತ್ತೆ ಅಚ್ಚಾಗುವ ವರ್ನನ ಕಥೆಗೆ ಇದರಿಂದ ಭಯವಿಲ್ಲ. ಮರುಮುದ್ರಣ ಕಾಣದ ಕನ್ನಡ ವಿಜ್ಞಾನ ಕಥೆಯ ಪಾಡು ಬೇರೆ. ಉಳಿದಿರುವ ಪ್ರತಿಗಳೊಡನೆ ಕಥೆಯೂ ಹೋಗುತ್ತದೆ.

ಬೇಕಾದರೆ ಪರೀಕ್ಷಿಸಿರಿ. ವೃತ್ತಪತ್ರಿಕೆಯ ಒಂದು ಹಾಳೆಯ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಒಂದು ವಾರ ಬಿಸಿಲಿನಲ್ಲಿಟ್ಟು, ಎರಡು ಭಾಗಗಳನ್ನೂ ಹೋಲಿಸಿರಿ. ಬಳಿಕ ಮನೆಯ ಸಾಲಿನಲ್ಲಿ ಯಾವ ಪುಸ್ತಕದ ಅಂಚು ಹೆಚ್ಚು ಕಂದಾಗಿದೆಯೋ ಅದನ್ನು ಮೊದಲು ಕೆಳಗಿಳಿಸಿರಿ. ಲೆಕ್ಕ ಮಾಡಲು ಬೇರೆ ಹಾಳೆ ಇರಲಿ. ಹಳೆಯ ಪುಟದ ಅಂಚು ಪೆನ್ಸಿಲಿನ ಒತ್ತನ್ನೂ ತಾಳಲಾರದು.