ಎಲ್ಲರೂ ಪತ್ತೇದಾರರಾದ ಬೇಸಿಗೆ

1860ರ ಬೇಸಿಗೆಯಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ವಿಚಿತ್ರ ಕಾಗದಗಳು ಬರತೊಡಗಿದವು. ಬರೆದವರು ಸಾಕ್ಷಿಗಳಲ್ಲ, ದೂರುದಾರರಲ್ಲ, ಕೊಲೆ ನಡೆದ ಊರನ್ನು ಕಂಡವರೂ ಅಲ್ಲ. ಪತ್ರಿಕೆಯ ವರದಿಗಳನ್ನು ಕೂತು ಓದಿ, ಕೊಂದವರು ಇಂಥವರೇ ಎಂದು ತೀರ್ಮಾನಿಸಿ, ಅದನ್ನು ಪೊಲೀಸರಿಗೆ ತಿಳಿಸದೆ ಸುಮ್ಮನಿರಲಾರದವರು. ದಾದಿಯೇ ಎಂದು ಒಬ್ಬರು, ಅಪ್ಪನೇ ಎಂದು ಇನ್ನೊಬ್ಬರು, ಇಬ್ಬರೂ ಸೇರಿ ಎಂದು ಮತ್ತೊಬ್ಬರು.

ಪತ್ತೇದಾರಿ ಕಾದಂಬರಿ ಹುಟ್ಟಿದ ಕಥೆಯನ್ನು ನಾವು ಲೇಖಕರ ಹೆಸರು ಹಿಡಿದು ಹೇಳುತ್ತೇವೆ. 1841ರಲ್ಲಿ ಎಡ್ಗರ್ ಅಲನ್ ಪೋ, 1868ರಲ್ಲಿ ವಿಲ್ಕಿ ಕಾಲಿನ್ಸ್, 1887ರಲ್ಲಿ ಕಾನನ್ ಡಾಯ್ಲ್. ಈ ಸಾಲಿನಲ್ಲಿ ಹೆಸರಿಲ್ಲದ ಒಬ್ಬನಿಗೂ ಜಾಗ ಬೇಕು. ಆತ ಗುಮಾನಿಯ ಓದುಗ. ಇವತ್ತು ಪುಸ್ತಕದಂಗಡಿಯಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಕಪಾಟುಗಳು, ಕಟ್ಟುಕಥೆಯ ಕೊಲೆ ಒಂದರಲ್ಲಿ, ನಿಜವಾಗಿ ನಡೆದದ್ದು ಇನ್ನೊಂದರಲ್ಲಿ, ಅವನ ಅಭಿಪ್ರಾಯಕ್ಕೆ ತುಂಬ ಋಣಿ.

ಬೀಗ ಹಾಕಿದ ಮನೆ

ಇಂಗ್ಲೆಂಡಿನ ಸಾಮರ್ಸೆಟ್ ಮತ್ತು ವಿಲ್ಟ್‌ಶೈರ್ ಜಿಲ್ಲೆಗಳ ಗಡಿಯಲ್ಲಿ ರೋಡ್ ಎಂಬ ಹಳ್ಳಿಯಿದೆ. ಅಲ್ಲಿನ ರೋಡ್ ಹಿಲ್ ಹೌಸ್‌ನಲ್ಲಿ ಕಾರ್ಖಾನೆಗಳ ಸಬ್ ಇನ್‌ಸ್ಪೆಕ್ಟರ್ ಸ್ಯಾಮ್ಯುಯೆಲ್ ಕೆಂಟ್‌ನ ದೊಡ್ಡ ಸಂಸಾರ. ಮೊದಲ ಹೆಂಡತಿ 1852ರಲ್ಲಿ ತೀರಿಹೋಗಿದ್ದಳು. ಆಕೆಯ ಮಕ್ಕಳಿಗೆ ಪಾಠ ಹೇಳಲು ಬಂದಿದ್ದವಳೇ ಆಮೇಲೆ ಮನೆಯೊಡತಿಯಾದಳು. ಮೊದಲ ಹೆಂಡತಿಯ ಮಕ್ಕಳು ಮೇಲಿನ ಮಹಡಿಯಲ್ಲಿ, ಎರಡನೆಯವಳ ಮಕ್ಕಳು ಅಪ್ಪ ಅಮ್ಮನ ಕೋಣೆಯ ಹತ್ತಿರ.

1860ರ ಜೂನ್ 29ರ ರಾತ್ರಿ, ಇನ್ನೂ ನಾಲ್ಕು ತುಂಬದ ಸ್ಯಾವಿಲ್ ಎಂಬ ಮಗು ದಾದಿಯ ಕೋಣೆಯಿಂದ ಕಾಣೆಯಾಯಿತು. ಮರುದಿನ ಅಂಗಳದ ಪೊದೆಗಳ ನಡುವಿನ ಶೌಚಗುಂಡಿಯಲ್ಲಿ, ಕತ್ತು ಕೊಯ್ದ ಸ್ಥಿತಿಯಲ್ಲಿ, ಕಂಬಳಿಯ ಜೊತೆ ಸಿಕ್ಕಿತು. ಮನೆಗೆ ಒಳಗಿನಿಂದ ಬೀಗವಿತ್ತು. ದಿವಾನಖಾನೆಯ ಒಂದು ಕಿಟಕಿ ಮಾತ್ರ ತುಸು ತೆರೆದಿತ್ತು. ಹೊರಗಿನವರು ಒಳಗೆ ಬಂದ ಕುರುಹು ಸಿಗಲಿಲ್ಲ. ಹಾಗಾದರೆ ಕೊಂದವರು ಮನೆಯವರೇ.

ಈ ಒಂದು ವಾಕ್ಯಕ್ಕೆ ಇಡೀ ದೇಶ ಬೆಚ್ಚಿತು. ಬೀದಿಯ ಕೊಲೆಗಳ ಕಥೆ ಇಂಗ್ಲೆಂಡಿಗೆ ಹೊಸದಲ್ಲ. ಗಲ್ಲಿಗೇರುವವರ ಚರಿತ್ರೆಯನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಸಂತೆಯಲ್ಲಿ ಕೂಗಿ ಮಾರುತ್ತಿದ್ದರು. ಆದರೆ ಅಲ್ಲಿ ಅಪರಾಧಿ ಯಾರೆಂಬುದು ಮೊದಲೇ ಗೊತ್ತು. ಅವನ ಪಾಪ, ಪಶ್ಚಾತ್ತಾಪ, ನೇಣು, ಇಷ್ಟೇ ಕಥೆ. ಓದುಗನಿಗೆ ಊಹಿಸುವ ಕೆಲಸವಿರಲಿಲ್ಲ. ರೋಡ್ ಹಿಲ್‌ನಲ್ಲಿ ಬೇರೇನೂ ಇರಲಿಲ್ಲ, ಊಹೆಯೊಂದೇ ಇತ್ತು. 1855ರಲ್ಲಿ ಪತ್ರಿಕೆಗಳ ಮೇಲಿನ ಮುದ್ರಾಂಕ ತೆರಿಗೆ ರದ್ದಾಗಿ ಒಂದು ಪೆನ್ನಿಯ ದಿನಪತ್ರಿಕೆಗಳು ಮನೆ ಮನೆ ತಲುಪಿದ್ದವು. ಸಾಕ್ಷಿಗಳ ಹೇಳಿಕೆ ಅಕ್ಷರ ಬಿಡದೆ ಅಚ್ಚಾಗುತ್ತಿತ್ತು. ನ್ಯಾಯಾಧೀಶರ ಮುಂದಿದ್ದ ಸಾಮಗ್ರಿಯ ಬಹುಪಾಲು ಓದುಗನ ಮುಂದೆಯೂ ಇತ್ತು.

ಕಾಣೆಯಾದ ನಿಲುವಂಗಿ

ಎರಡು ವಾರ ಕಳೆದರೂ ಸ್ಥಳೀಯ ಪೊಲೀಸರಿಗೆ ಏನೂ ಹೊಳೆಯದಿದ್ದಾಗ ಲಂಡನ್ನಿನಿಂದ ಜೊನಾಥನ್ ವಿಚರ್ ಬಂದ. 1842ರಲ್ಲಿ ಎಂಟೇ ಜನರಿಂದ ಶುರುವಾದ ಪತ್ತೇದಾರಿ ದಳದ ಮೊದಲ ತಂಡದವ, ತೋಟಗಾರನ ಮಗ. 1850ರಲ್ಲಿ ಚಾರ್ಲ್ಸ್ ಡಿಕನ್ಸ್ ಈ ದಳದವರನ್ನು ಕಚೇರಿಗೆ ಕರೆಸಿ, ಮಾತಾಡಿಸಿ, ತನ್ನ ವಾರಪತ್ರಿಕೆಯಲ್ಲಿ ಹೊಗಳಿ ಬರೆದಿದ್ದ. ಅಲ್ಲಿ ತುಸು ಮಾರ್ಪಟ್ಟ ಹೆಸರಿನಲ್ಲಿ ವಿಚರ್ ಕೂಡ ಇದ್ದ.

ವಿಚರ್ ಹಿಡಿದದ್ದು ಇದ್ದ ಸಾಕ್ಷ್ಯವನ್ನಲ್ಲ, ಇಲ್ಲದ್ದನ್ನು. ಮೊದಲ ಹೆಂಡತಿಯ ಮಗಳು, 16ರ ಕಾನ್‌ಸ್ಟನ್ಸ್‌ಗೆ ಮಲಗುವಾಗ ತೊಡುವ ನಿಲುವಂಗಿಗಳು ಮೂರಿದ್ದವು. ಈಗ ಎರಡೇ ಇವೆ. ಮೂರನೆಯದು ಬಟ್ಟೆ ಒಗೆಯುವವಳ ಕಡೆ ಕಳೆದುಹೋಯಿತೆಂದು ಮನೆಯವರ ಲೆಕ್ಕ. ತನಗೆ ಅದು ಬಂದೇ ಇಲ್ಲವೆಂದು ಅವಳ ವಾದ. ರಕ್ತ ಹತ್ತಿದ ಅಂಗಿಯನ್ನು ನಾಶಮಾಡಿ, ನಷ್ಟವನ್ನು ಬಡವಿಯ ತಲೆಗೆ ಕಟ್ಟಲಾಗಿದೆ ಎಂದು ವಿಚರ್ ತರ್ಕಿಸಿದ. ಜುಲೈ 20ರಂದು ಹುಡುಗಿಯನ್ನು ಬಂಧಿಸಿದ. ಒಂದು ವಾರದಲ್ಲಿ ಅವಳು ಜಾಮೀನಿನ ಮೇಲೆ ಹೊರಬಂದಳು.

ಆಮೇಲೆ ವಿಚಾರಣೆಗೆ ಒಳಗಾದವನು ವಿಚರ್. ಕೂಲಿಕಾರರ ಕುಲದ ಪೊಲೀಸನೊಬ್ಬ ದೊಡ್ಡ ಮನೆಯ ಮಗಳ ಬಟ್ಟೆಪೆಟ್ಟಿಗೆಗೆ ಕೈ ಹಾಕಿದನೆಂದು ಪತ್ರಿಕೆಗಳು ಕೆಂಡ ಕಾರಿದವು. ಒಳಗಿನ ಕೊಳಕಿಗಿಂತ ಅದನ್ನು ಕೆದಕಿದ ಕೈ ಹೆಚ್ಚು ಅಸಹ್ಯವೆನಿಸಿತು. ಸ್ಥಳೀಯ ಪೊಲೀಸರಿಗೆ ಮೊದಲ ದಿನವೇ ಅಡುಗೆಮನೆಯ ಒಲೆಯ ಬಳಿ ರಕ್ತದ ಕಲೆಯ ಒಳಅಂಗಿಯೊಂದು ಸಿಕ್ಕಿತ್ತು. ಅದನ್ನು ಕಳೆದುಕೊಂಡು, ವಿಚರ್‌ಗೂ ಹೇಳದೆ ಮುಚ್ಚಿಟ್ಟಿದ್ದರು. ಅದು ಹೊರಬಂದದ್ದು ತಿಂಗಳುಗಳ ನಂತರ.

ಓದುಗರ ಬಹುಮತ ಅಪ್ಪ ಮತ್ತು ದಾದಿಯ ಕಡೆ ತಿರುಗಿತು. ಇಬ್ಬರೂ ಒಟ್ಟಿಗಿದ್ದಾಗ ಮಗು ಎಚ್ಚರವಾಯಿತು, ಬಾಯಿ ಮುಚ್ಚಿಸಲು ಹೋಗಿ ಕೊಂದರು ಎಂಬುದು ಆ ವಾದ. ಹೀಗೆಯೇ ನಂಬಿ ಆ ಅಕ್ಟೋಬರ್‌ನಲ್ಲಿ ಗೆಳೆಯ ವಿಲ್ಕಿ ಕಾಲಿನ್ಸ್‌ಗೆ ವಿವರವಾಗಿ ಬರೆದವನು ಡಿಕನ್ಸ್! ಪತ್ತೇದಾರರನ್ನು ಮನೆಮಾತು ಮಾಡಿದವನಿಗೇ ತಾನು ಹೊಗಳಿದ ಪತ್ತೇದಾರನ ಮಾತು ರುಚಿಸಲಿಲ್ಲ. ವಿಚರ್ 1864ರಲ್ಲಿ ಅನಾರೋಗ್ಯದಿಂದ ನಿವೃತ್ತನಾದ.

1865ರ ಏಪ್ರಿಲ್‌ನಲ್ಲಿ ಕಾನ್‌ಸ್ಟನ್ಸ್ ಪಾದ್ರಿಯೊಬ್ಬರ ಜೊತೆ ಲಂಡನ್ನಿನ ಬೋ ಸ್ಟ್ರೀಟ್ ನ್ಯಾಯಾಲಯಕ್ಕೆ ಬಂದು ತಪ್ಪೊಪ್ಪಿಕೊಂಡಳು. ಮರಣದಂಡನೆ ಜೀವಾವಧಿಗೆ ಇಳಿಯಿತು. 20 ವರ್ಷ ಸೆರೆಯಲ್ಲಿದ್ದು 1885ರಲ್ಲಿ ಬಿಡುಗಡೆಯಾದಳು.

ಶ್ರೀರಂಗಪಟ್ಟಣದ ವಜ್ರ

ಡಿಕನ್ಸ್‌ನ ಕಾಗದ ಪಡೆದ ಕಾಲಿನ್ಸ್ 1868ರ ಜನವರಿಯಿಂದ ಆಗಸ್ಟ್‌ವರೆಗೆ ಡಿಕನ್ಸ್‌ನದೇ ವಾರಪತ್ರಿಕೆಯಲ್ಲಿ ‘ದಿ ಮೂನ್‌ಸ್ಟೋನ್’ ಧಾರಾವಾಹಿಯನ್ನು ಬರೆದ. ಅದರ ಮೊದಲ ಪುಟಗಳು ನಮ್ಮ ಶ್ರೀರಂಗಪಟ್ಟಣದಲ್ಲಿ ತೆರೆದುಕೊಳ್ಳುತ್ತವೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ದಿನ ಇಂಗ್ಲಿಷ್ ಅಧಿಕಾರಿಯೊಬ್ಬ ಅರಮನೆಯ ಆಯುಧಾಗಾರದಿಂದ ವಜ್ರವೊಂದನ್ನು ಲಪಟಾಯಿಸುತ್ತಾನೆ. ವಜ್ರ ಕಲ್ಪಿತ, ಲೂಟಿ ಕಲ್ಪಿತವಲ್ಲ. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡದ್ದು ಚರಿತ್ರೆ. ಅದರ ಚಿನ್ನದ ಹುಲಿಮುಖ ವಿಂಡ್ಸರ್ ಅರಮನೆಯನ್ನು ಸೇರಿದೆ. ಐರೋಪ್ಯನ ಮೇಲೆರಗಿದ ಮರದ ಹುಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಪತ್ತೇದಾರಿ ಕಾದಂಬರಿಯ ಆದಿಕೃತಿಗಳಲ್ಲೊಂದು ಶುರುವಾಗುವುದೇ ಯಾರೂ ತನಿಖೆ ಮಾಡದ ಒಂದು ಕಳ್ಳತನದಿಂದ.

ಆ ಕದ್ದ ವಜ್ರ ಇಂಗ್ಲೆಂಡಿನ ಹಳ್ಳಿಯ ಮನೆಯೊಂದರಲ್ಲಿ ಮತ್ತೆ ಕಳುವಾದಾಗ ರೋಡ್ ಹಿಲ್ ಎದ್ದು ಕಾಣುತ್ತದೆ. ಒಳಗಿನವರೇ ಶಂಕಿತರು. ಪೆದ್ದು ಸ್ಥಳೀಯ ಅಧಿಕಾರಿ, ಲಂಡನ್ನಿನಿಂದ ಬರುವ ಸಾರ್ಜೆಂಟ್ ಕಫ್, ಗುಟ್ಟು ಬಿಡದ ಮನೆಮಗಳು, ಕಲೆ ಹತ್ತಿದ ಒಂದು ನಿಲುವಂಗಿ, ಅದನ್ನು ಹುಡುಕಲು ಮನೆಯವರ ಒಗೆತದ ಲೆಕ್ಕ. ಕಫ್ ಕೂಡ ತೋಟಗಾರನ ಮಗನೇ, ಗುಲಾಬಿಯ ಹುಚ್ಚಿನವ. ರಕ್ತದ ಬದಲು ಬಾಗಿಲಿಗೆ ಬಳಿದ ಬಣ್ಣ, ಕೊಲೆಯ ಬದಲು ಕಳವು. ಕಂತು ಬರುವ ದಿನ ಪ್ರಕಾಶಕರ ಕಚೇರಿಯ ಮುಂದೆ ಜನ ಕಾದು ನಿಲ್ಲುತ್ತಿದ್ದರು.

ಇಲ್ಲಿ ಒಂದು ಅದಲುಬದಲು ನಡೆದಿದೆ. ನಿಜದಲ್ಲಿ ವಿಚರ್ ಮನೆಮಗಳ ಮೇಲೆ ಅನುಮಾನಪಟ್ಟ, ಅದು ಸರಿಯಿತ್ತು, ಅದಕ್ಕಾಗಿಯೇ ಹಾಳಾದ. ಕಾದಂಬರಿಯಲ್ಲಿ ಕಫ್ ಮನೆಮಗಳ ಮೇಲೆ ಅನುಮಾನಪಡುತ್ತಾನೆ, ಅದು ತಪ್ಪು, ಆದರೂ ಓದುಗರ ಅಚ್ಚುಮೆಚ್ಚಿನವನಾಗುತ್ತಾನೆ. ತಪ್ಪೊಪ್ಪಿಗೆ ಬಂದು ಮೂರು ವರ್ಷವಾಗಿತ್ತು, ಸತ್ಯ ಕಾಲಿನ್ಸ್‌ಗೆ ಗೊತ್ತಿತ್ತು. ಆದರೂ ಅವನು ಓದುಗರಿಗೆ ಕೊಟ್ಟದ್ದು 1860ರಲ್ಲಿ ಅವರು ಬಯಸಿದ್ದ ಮುಕ್ತಾಯವನ್ನು. ಹುಡುಗಿ ನಿರಪರಾಧಿ, ಮನೆ ಮತ್ತೆ ಮನೆ. ಇವತ್ತಿಗೂ ಈ ಪ್ರಕಾರದ ಮುಖ್ಯ ಆಕರ್ಷಣೆ ಇದೇ: ನಿಜಜೀವನ ಅಲುಗಾಡಿಸಿದ್ದನ್ನು ಕಾದಂಬರಿ ಮರಳಿ ಜಾಗಕ್ಕೆ ಇಡುತ್ತದೆ.

ಓದುಗರೆಲ್ಲ ಒಪ್ಪಿದರೆಂದಲ್ಲ. ಮೊದಲ ಭಾಗಗಳನ್ನು ಮೆಚ್ಚಿದ ಡಿಕನ್ಸ್‌ಗೇ ಕಥೆ ಮುಗಿಯುವ ಹೊತ್ತಿಗೆ ಅದರ ಕಟ್ಟೋಣ ಬೇಸರ ತರಿಸಿತ್ತು. ಇಂಥ ರೋಚಕ ಕಾದಂಬರಿಗಳು ಬುದ್ಧಿಯನ್ನು ಬಿಟ್ಟು ನರಗಳನ್ನು ಕೆಣಕುತ್ತವೆಂದು ಪಂಡಿತರು ಆ ದಶಕದುದ್ದಕ್ಕೂ ದೂರಿದರು. ದೂರಿದವರೂ ಓದಿದರು.

ಹೋಮ್ಸ್‌ಗೆ ಬಂದ ಮೊರೆ

ಓದುಗನ ಅಧಿಕಾರ ಎಷ್ಟಿದೆಯೆಂಬುದು ಕಾನನ್ ಡಾಯ್ಲ್‌ಗೆ 1893ರಲ್ಲಿ ತಿಳಿಯಿತು. ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡ ಲೇಖಕನ ಮೇಲೆ ಓದುಗರು ಹರಿಹಾಯ್ದರು. ಹತ್ತು ವರ್ಷದ ಬಳಿಕ ಹೋಮ್ಸ್ ಬದುಕಿಬಂದ.

ಹೋಮ್ಸ್‌ನ ಮೇಲೆ ಓದುಗರಿಗಿದ್ದ ನಂಬಿಕೆ ಒಮ್ಮೆ ಒಳ್ಳೆಯದನ್ನೂ ಮಾಡಿತು. ಮುಂಬಯಿ ಮೂಲದ ಪಾರ್ಸಿ ಪಾದ್ರಿಯ ಮಗ ಜಾರ್ಜ್ ಎಡಲ್ಜಿ ಎಂಬ ವಕೀಲನಿಗೆ 1903ರಲ್ಲಿ ಜಾನುವಾರುಗಳನ್ನು ರಾತ್ರಿ ಹೊತ್ತು ಇರಿದನೆಂದು ಶಿಕ್ಷೆಯಾಗಿತ್ತು. ಜೈಲಿನಿಂದ ಹೊರಬಂದ ಅವನು ಹೋಮ್ಸ್‌ನ ಲೇಖಕನಿಗೇ ಮೊರೆಯಿಟ್ಟ. ಭೇಟಿಗೆ ಬಂದ ಡಾಯ್ಲ್ ಕಂಡದ್ದು, ಪತ್ರಿಕೆಯನ್ನು ಕಣ್ಣಿಗೆ ಅಂಟಿಸಿಕೊಂಡಂತೆ ಹಿಡಿದು ಓದುತ್ತಿದ್ದ ಮನುಷ್ಯನನ್ನು. ಇಷ್ಟು ಮಂದದೃಷ್ಟಿಯವನು ಕತ್ತಲಲ್ಲಿ ಹೊಲ ದಾಟಿ ಹೋದಾನೆ? ಡಾಯ್ಲ್ ಪತ್ರಿಕೆಗಳಲ್ಲಿ ಬರೆದ. 1907ರಲ್ಲಿ ಎಡಲ್ಜಿಗೆ ಕ್ಷಮಾದಾನ ಸಿಕ್ಕಿತು, ಪರಿಹಾರ ಸಿಗಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯದ ಕಾನೂನು ಬರಲು ಇಂಥ ಪ್ರಕರಣಗಳ ಒತ್ತಡವೂ ಕಾರಣ.

1920ರ ದಶಕಕ್ಕೆ ಓದುಗ ಸ್ಪರ್ಧಿಯೇ ಆದ. ಸುಳಿವನ್ನು ಬಚ್ಚಿಡಬಾರದು, ಕಾಕತಾಳೀಯದಿಂದ ಕಗ್ಗಂಟು ಬಿಡಿಸಬಾರದು ಎಂದು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕ 1929ರಲ್ಲಿ ಹತ್ತು ನಿಯಮ ಬರೆದ. ಮರುವರ್ಷ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಶುರುವಾಯಿತು, ಅಗಾಥಾ ಕ್ರಿಸ್ಟಿ ಸದಸ್ಯೆ.

ಕನ್ನಡಕ್ಕೂ ಈ ಚಾಳಿ ಬಂತು. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳನ್ನು, ಅವರ ಪತ್ತೇದಾರ ಪುರುಷೋತ್ತಮನನ್ನು ಒಂದು ತಲೆಮಾರು ಬಿಡದೆ ಓದಿತು. ಎಷ್ಟೋ ಜನರಿಗೆ ಕನ್ನಡ ಓದುವ ರೂಢಿ ಹತ್ತಿದ್ದೇ ಅಲ್ಲಿಂದ. ಆಮೇಲೆ ರವಿ ಬೆಳಗೆರೆಯವರ ‘ಪಾಪಿಗಳ ಲೋಕದಲ್ಲಿ’, ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಬಂದಾಗ ಓದುಗ ಕಪಾಟು ಬದಲಿಸಿದ. ಓದುವ ಕ್ರಮ ಬದಲಿಸಿದನೇ ಎಂಬುದು ಬೇರೆ ಪ್ರಶ್ನೆ.

ಸಿಡ್ನಿಯಿಂದ ಬಂದ ಕಾಗದ

ಆ ಪ್ರಶ್ನೆಗೆ ರೋಡ್ ಹಿಲ್‌ನ ಮುಂದಿನ ಕಥೆಯೇ ಪಾಠ. 1928ರಲ್ಲಿ, ಪತ್ತೇದಾರಿ ಕಾದಂಬರಿಗಳ ಲೇಖಕ ಜಾನ್ ರೋಡ್ ಈ ಪ್ರಕರಣದ ಬಗ್ಗೆ ಪುಸ್ತಕ ಬರೆದ. ಮುಂದಿನ ವರ್ಷ ಅವನ ಪ್ರಕಾಶಕರಿಗೆ ಸಿಡ್ನಿಯಿಂದ ಸಹಿಯಿಲ್ಲದ ಉದ್ದನೆಯ ಕಾಗದವೊಂದು ಬಂತು. ಹೊರಗಿನವರಿಗೆ ಗೊತ್ತಾಗಲು ಸಾಧ್ಯವಿಲ್ಲದ ಬಾಲ್ಯದ ವಿವರಗಳು ಅದರಲ್ಲಿದ್ದವು. ಪಾಠ ಹೇಳಲು ಬಂದವಳು ಮನೆಯೊಡತಿಯಾದ ಬಗೆ, ಮೊದಲ ಹೆಂಡತಿಗೆ ಹುಚ್ಚೆಂಬ ಮಾತು ಸುಳ್ಳೆಂಬ ವಾದ, ತಾಯಿಯ ಪರವಾದ ಹಳೆಯ ಸಿಟ್ಟು. ಕಾಗದಕ್ಕೇನಾದರೂ ಬೆಲೆಯಿದ್ದರೆ ಹಣವನ್ನು ವೇಲ್ಸ್‌ನ ಗಣಿ ಕಾರ್ಮಿಕರಿಗೆ ಕೊಡಿ ಎಂಬ ಕೋರಿಕೆಯೂ ಇತ್ತು.

ಸೆರೆಯಿಂದ ಬಿಡುಗಡೆಯಾದ ಕಾನ್‌ಸ್ಟನ್ಸ್ 1886ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ರೂತ್ ಎಮಿಲಿ ಕೇ ಎಂಬ ಹೆಸರಿನಲ್ಲಿ ನರ್ಸ್ ಆಗಿ, 1944ರಲ್ಲಿ ನೂರು ತುಂಬಿ ತೀರಿಕೊಂಡಳು. ಕಾಗದ ಅವಳದೇ ಎಂದು ಹಲವರ ನಂಬಿಕೆ. ಆದರೆ ಬರೆದವರು ಎಲ್ಲೂ ‘ನಾನು’ ಎಂದು ಒಪ್ಪಿಕೊಂಡಿಲ್ಲ.

2008ರಲ್ಲಿ ಕೇಟ್ ಸಮರ್‌ಸ್ಕೇಲ್ ‘ದಿ ಸಸ್ಪಿಷನ್ಸ್ ಆಫ್ ಮಿಸ್ಟರ್ ವಿಚರ್’ ಬರೆದು ವಿಚರ್‌ನ ಮಾನ ಮರಳಿ ಕೊಟ್ಟರು. ಪುಸ್ತಕಕ್ಕೆ ಸ್ಯಾಮ್ಯುಯೆಲ್ ಜಾನ್ಸನ್ ಪ್ರಶಸ್ತಿ ಬಂತು. ಅಕ್ಕನ ತಪ್ಪೊಪ್ಪಿಗೆ ತಮ್ಮ ವಿಲಿಯಂನನ್ನು ಉಳಿಸಲು ಕೂಡ ಇದ್ದೀತು, ಇಬ್ಬರೂ ಕೂಡಿ ಮಾಡಿರಬಹುದು ಎಂಬ ಅನುಮಾನವನ್ನೂ ಅದು ಎತ್ತುತ್ತದೆ. ವಿಲಿಯಂ ಮುಂದೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಕುರಿತು 1893ರಲ್ಲಿ ಹೆಸರಾಂತ ಗ್ರಂಥ ಬರೆದ ಕಡಲಜೀವಿ ವಿಜ್ಞಾನಿ. ಸತ್ತ ನೂರು ವರ್ಷದ ಬಳಿಕ ಅವನ ಮೇಲೂ ಗುಮಾನಿ! ಆದರೆ ಸಮರ್‌ಸ್ಕೇಲ್ ಇದು ದಾಖಲೆ, ಇದು ನನ್ನ ಊಹೆ ಎಂದು ಗೆರೆ ಎಳೆದೇ ಬರೆಯುತ್ತಾರೆ.

ನಿಜ ಅಪರಾಧದ ಪುಸ್ತಕವನ್ನು ಅಳೆಯಲು ಆ ಗೆರೆಗಿಂತ ಒಳ್ಳೆಯ ಅಳತೆಗೋಲಿಲ್ಲ. ಕಾದಂಬರಿಯಲ್ಲಿ ನಮ್ಮ ಗುಮಾನಿ ತಪ್ಪಾದರೆ ನಷ್ಟವಿಲ್ಲ, ಲೇಖಕ ನಮ್ಮನ್ನು ಸೋಲಿಸಿದನೆಂದು ಖುಷಿಯೇ. 1860ರಲ್ಲಿ ಅಪ್ಪನೇ ಕೊಂದನೆಂದು ಬರೆದವರ ಗುಮಾನಿ ಹಾಗಲ್ಲ. ತಪ್ಪೊಪ್ಪಿಗೆ ಬಂದ ಮೇಲೂ ಅದು ಸ್ಯಾಮ್ಯುಯೆಲ್ ಕೆಂಟ್‌ನನ್ನು ಪೂರ್ತಿ ಬಿಡಲಿಲ್ಲ. ಸರಿಯಾಗಿ ಕಂಡಿದ್ದ ವಿಚರ್‌ಗೆ ಕಳೆದ ಐದು ವರ್ಷಗಳೂ ಮರಳಲಿಲ್ಲ. ಕಟ್ಟುಕಥೆ ನಮಗೆ ಕಲಿಸಿದ ಚುರುಕು ಒಳ್ಳೆಯದೇ, ಎಡಲ್ಜಿಯನ್ನು ಉಳಿಸಿದ್ದು ಅದೇ. ಆದರೆ ಎಲ್ಲದಕ್ಕೂ ಕೊನೆಯ ಪುಟದಲ್ಲಿ ಉತ್ತರ ಬೇಕೆಂಬ ಹಟವನ್ನೂ ಅದೇ ಕಲಿಸಿತು. ನಿಜ ಪ್ರಕರಣದ ಪುಸ್ತಕ ಹಿಡಿದಾಗ ಆ ಹಟವನ್ನು ಬಿಡಬೇಕು. ಯಾಕೆಂದರೆ ಅದೇ ಪುಟವನ್ನು, ನಡೆದದ್ದೇನೆಂದು ಬಲ್ಲ ಒಬ್ಬರು, ನಮ್ಮ ಜೊತೆಗೇ ಓದುತ್ತಿರಬಹುದು.