ಚೆಂಡು ಕೈಗೆ ತಾಗಿದರೂ ಪೆನಾಲ್ಟಿ ಏಕಿಲ್ಲ?

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಚೆಂಡು ಕೈಗೆ ತಾಗಿದಾಗ ಒಂದು ಪಂದ್ಯದಲ್ಲಿ ಪೆನಾಲ್ಟಿ ಕೊಡುತ್ತಾರೆ, ಇನ್ನೊಂದರಲ್ಲಿ ಕೊಡುವುದಿಲ್ಲ. ನಿಯಮ ಒಂದೇ ಅಲ್ಲವೇ?

ಉತ್ತರ: ನಿಯಮ ಒಂದೇ. ಆದರೆ ಚೆಂಡು ಕೈಗೆ ತಾಗಿದ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. ಆಟಗಾರ ಬೇಕೆಂದೇ ಚೆಂಡು ಮುಟ್ಟಿದರೆ, ಅಥವಾ ಕೈ ಚಾಚಿ ದೇಹವನ್ನು ಅಸಹಜವಾಗಿ ಹಿಗ್ಗಿಸಿಕೊಂಡಾಗ ಚೆಂಡು ಆ ಕೈಗೆ ಬಡಿದರೆ ತಪ್ಪು. ಗೋಲು ಹೊಡೆದವನ ಕೈಗೇ ಚೆಂಡು ತಾಗಿ ಒಳಹೋದರೆ, ಅದು ಆಕಸ್ಮಿಕವಾದರೂ ಗೋಲು ರದ್ದು. ಕಂಕುಳಿನ ಕೆಳಗಿನ ಮಟ್ಟದಿಂದ ಮೇಲಿರುವ ಭುಜವನ್ನು ಕೈ ಎಂದು ಪರಿಗಣಿಸುವುದಿಲ್ಲ.

ತಕರಾರು ಹುಟ್ಟುವುದು ‘ಅಸಹಜ’ ಯಾವುದು ಎಂಬಲ್ಲಿ. 2024ರ ಯೂರೋ ಕಪ್ ಇದಕ್ಕೆ ಸಾಕ್ಷಿ. ಡೆನ್ಮಾರ್ಕ್‌ನ ಯೊಆಕಿಮ್ ಆಂಡರ್ಸನ್ ಕೈಗೆ ಚೆಂಡು ಸವರಿದ್ದನ್ನು ಚೆಂಡಿನೊಳಗಿನ ಸಂವೇದಕ ತೋರಿಸಿತು. ವಿಡಿಯೊ ನೋಡಿದ ರೆಫರಿ ಜರ್ಮನಿಗೆ ಪೆನಾಲ್ಟಿ ಕೊಟ್ಟರು. ಆ ಪಂದ್ಯವನ್ನು ಜರ್ಮನಿ 2-0ರಿಂದ ಗೆದ್ದಿತು. ಮುಂದಿನ ಪಂದ್ಯದಲ್ಲೇ ಜರ್ಮನಿಯ ಮುಸಿಯಾಲ ಹೊಡೆದ ಚೆಂಡು ಸ್ಪೇನ್‌ನ ಕುಕುರೆಯ ಕೈಗೆ ಬಡಿಯಿತು, ಪೆನಾಲ್ಟಿ ಸಿಗಲಿಲ್ಲ. ಸ್ಪೇನ್ 2-1ರಿಂದ ಗೆದ್ದು, ಕೊನೆಗೆ ಕಪ್ಪನ್ನೂ ಎತ್ತಿತು.

ಚೆಂಡು ತಾಗಿತೇ ಎಂಬುದನ್ನು ಯಂತ್ರ ಹೇಳಬಲ್ಲದು. ಕೈ ಅಲ್ಲಿರುವುದು ಸಹಜವೇ ಎಂದು ತೀರ್ಮಾನಿಸುವುದು ಮನುಷ್ಯ. ಆದ್ದರಿಂದ ಜರ್ಮನ್ ಅಭಿಮಾನಿಗಳ ಸಂಕಟ ನ್ಯಾಯವಾದದ್ದೇ. ಆದರೆ ಡೆನ್ಮಾರ್ಕ್‌ನವರ ಸಂಕಟವೂ ಅಷ್ಟೇ ನ್ಯಾಯವಾದದ್ದು. ನಮ್ಮ ತಂಡಕ್ಕೆ ಲಾಭವಾದ ತೀರ್ಪನ್ನೂ ಅದೇ ಅಳತೆಯಲ್ಲಿ ಪ್ರಶ್ನಿಸಿದಾಗ ಮಾತ್ರ ಅನ್ಯಾಯವಾಯಿತೆಂಬ ವಾದಕ್ಕೆ ಬಲ ಬರುತ್ತದೆ.